34 ಕಿ.ಮೀ. ಟ್ರೇಲ್ ಲಾಂಗ್ ರನ್‌ನಲ್ಲಿ ಸಾಲು ಸಾಲು ಎಡವಟ್ಟು: ಮೊದಲು ಯಾವುದನ್ನು ಸರಿಪಡಿಸಬೇಕು?

ಕಾಲುದಾರಿ (ಪ್ರಶ್ನೆ)

50 ಕಿ.ಮೀ. ಟ್ರೇಲ್ (ಕಾಡು-ಗುಡ್ಡದ ಹಾದಿ) ರೇಸ್‌ಗೆ 9 ವಾರ ಬಾಕಿ ಇದೆ. ತಯಾರಿಯ ಒಂದು ಲಾಂಗ್ ರನ್ (ಉದ್ದನೆಯ ತರಬೇತಿ ಓಟ) ಪೂರ್ತಿ ಹಳಿ ತಪ್ಪಿತು. ವರ್ಣನೆ ಬಿಟ್ಟು ಲಾಗ್ ಮಾತ್ರ ಹಾಕುತ್ತಿದ್ದೇನೆ.

ದೂರ 34 ಕಿ.ಮೀ., ಒಟ್ಟು ಏರು 1,600 ಮೀಟರ್. ಅಂದಾಜಿಸಿದ ಸಮಯ 5:30 ಗಂಟೆ, ಹಿಡಿದದ್ದು 7:20. ಸಮತಟ್ಟು ರಸ್ತೆಯಲ್ಲಿ ನನ್ನ ಆರಾಮದ ವೇಗ ಕಿ.ಮೀ.ಗೆ 7 ನಿಮಿಷ. ಗರಿಷ್ಠ ಹೃದಯ ಬಡಿತ 188.

0–9 ಕಿ.ಮೀ.: ಬಹುತೇಕ ಏರು, ಸರಾಸರಿ ಬಡಿತ 165. ಮೊದಲ ಜೆಲ್ (ಓಡುತ್ತ ನುಂಗುವ ಸಕ್ಕರೆ ಪಾಕದ ಪೊಟ್ಟಣ) ಓಟ ಶುರುವಾಗಿ 1:30 ಗಂಟೆಗೆ, ಎರಡನೆಯದು ಈ ಏರು ಮುಗಿದ ಮೇಲೆ, 2:40ಕ್ಕೆ.
14 ಕಿ.ಮೀ.: ಕವಲಿನಲ್ಲಿ ತಪ್ಪು ದಾರಿ, 25 ನಿಮಿಷ ಹೋಯಿತು.
19 ಕಿ.ಮೀ. (3:25): ಒಂದೂವರೆ ಲೀಟರ್ ಬ್ಲ್ಯಾಡರ್ (ಬೆನ್ನಿನ ಚೀಲದಲ್ಲಿಡುವ, ಕೊಳವೆಯಿರುವ ನೀರಿನ ಚೀಲ) ಖಾಲಿ. ಕೊಳವೆಯಲ್ಲಿ ಗಾಳಿ ಬಂದಾಗಲೇ ಗೊತ್ತಾದದ್ದು. ಜೊತೆಗಿದ್ದ ಅರ್ಧ ಲೀಟರ್ ಫ್ಲಾಸ್ಕ್ ಅದಕ್ಕೂ ಮೊದಲೇ ಮುಗಿದಿತ್ತು.
3:30–4:10: ಹಿಂದೆ ಬಿದ್ದಿದ್ದೇನೆಂದು ಒಂದರ ಹಿಂದೆ ಒಂದು 3 ಜೆಲ್, ನೀರಿಲ್ಲದೆ.
21 ಕಿ.ಮೀ. (4:15): ತೊರೆಯಲ್ಲಿ ಫಿಲ್ಟರ್ ಮಾಡಿ 1 ಲೀಟರ್ ತುಂಬಿಸಿದ್ದು.
22 ಕಿ.ಮೀ.: ಹೊಟ್ಟೆ ತೊಳಸು, ಮುಂದಿನ ಒಂದು ಗಂಟೆ ಏನೂ ಸೇರಲಿಲ್ಲ. ಆರನೆಯ, ಕೊನೆಯ ಜೆಲ್ 5:30ಕ್ಕೆ.
26 ಕಿ.ಮೀ. (5:35): ಇಳಿಜಾರಿನಲ್ಲಿ ಬಲಗಾಲು ಹೊರಕ್ಕೆ ಹೊರಳಿ ಉಳುಕಿತು.
28 ಕಿ.ಮೀ.: ಮೀನಖಂಡ, ತೊಡೆ ಎರಡೂ ಸೆಳೆತ. 3 ಉಪ್ಪಿನ ಕ್ಯಾಪ್ಸೂಲ್ ನುಂಗಿದರೂ ಪ್ರಯೋಜನ ಕಾಣಲಿಲ್ಲ.
ಮುಗಿದ ಮೇಲೆ: ಎರಡೂ ಹೆಬ್ಬೆರಳಿನ ಉಗುರು ಕಪ್ಪು, ಎಡ ಹಿಮ್ಮಡಿಯಲ್ಲಿ ಗುಳ್ಳೆ. ತೂಕ ಮೊದಲು 64.0 ಕೆ.ಜಿ., ನಂತರ 61.9. ದಾರಿಯಲ್ಲಿ ಮೂತ್ರ ಒಂದೇ ಸಲ, ಸುಮಾರು 300 ಮಿ.ಲೀ.

ಜೆಲ್ ಒಂದರಲ್ಲಿ 22 ಗ್ರಾಂ ಕಾರ್ಬ್ (ಕಾರ್ಬೊಹೈಡ್ರೇಟ್), 50 ಮಿ.ಗ್ರಾಂ ಸೋಡಿಯಂ. ಇಷ್ಟರಲ್ಲಿ ಯಾವುದು ಕಾರಣ, ಯಾವುದು ಪರಿಣಾಮ? ಎಲ್ಲವನ್ನೂ ಒಟ್ಟಿಗೆ ಬದಲಿಸಲು ಹೊರಟರೆ ಯಾವುದರಿಂದ ಉಪಯೋಗವಾಯಿತು ಅಂತ ತಿಳಿಯುವುದಿಲ್ಲ ಎಂಬ ಅನುಮಾನ.

ಬೆವರಿನ_ಲೆಕ್ಕ

ಲಾಗ್‌ನಲ್ಲಿ ಗಂಟೆ-ನಿಮಿಷ ಇರುವುದರಿಂದ ಹಿಂದಕ್ಕೆ ಹೆಜ್ಜೆ ಹಾಕುವುದು ಸುಲಭ. ಎಡವಟ್ಟು ಕಾಣಿಸುವ ಜಾಗ ಬೇರೆ, ಹುಟ್ಟುವ ಜಾಗ ಬೇರೆ. ಎರಡರ ನಡುವೆ ಸಾಮಾನ್ಯವಾಗಿ ಒಂದೆರಡು ಗಂಟೆ ಅಂತರ ಇರುತ್ತದೆ. ನಿಮ್ಮದರಲ್ಲಿ ಮೊದಲ ತಪ್ಪು ಓಟ ಶುರುವಾಗುವ ಮುಂಚೆ, ಕಾಗದದ ಮೇಲೇ ಆಗಿದೆ: ಆ 5:30 ಎಂಬ ಅಂದಾಜು.

ಟ್ರೇಲ್‌ನಲ್ಲಿ ಬಳಕೆಯಲ್ಲಿರುವ ಲೆಕ್ಕ ಹೀಗೆ: ಪ್ರತಿ 100 ಮೀಟರ್ ಏರನ್ನು ಸಮತಟ್ಟಿನ 1 ಕಿ.ಮೀ. ಎಂದು ಹಿಡಿಯಿರಿ. 34 + 16 = 50. ಕಿ.ಮೀ.ಗೆ 7 ನಿಮಿಷದಂತೆ 350 ನಿಮಿಷ, ಅಂದರೆ 5:50. ಇದು ಎಲ್ಲೂ ನಿಲ್ಲದೆ, ಕೊನೆಯವರೆಗೆ ಒಂದೇ ದಮ್ಮಿನಲ್ಲಿ ಹೋದರೆ. ನೀರು ತುಂಬಿಸಲು, ದಾರಿ ನೋಡಲು, ಕೊನೆಯ ಭಾಗದ ಸುಸ್ತಿಗೆ ಒಟ್ಟು 30–40 ನಿಮಿಷ ಸೇರಿಸಿ. ಏನೂ ಕೆಡದಿದ್ದರೂ ಇದು ಆರೂವರೆ ಗಂಟೆಯ ಓಟ. ದಾರಿ ಕಲ್ಲುಬಂಡೆಯದಾದರೆ ಇನ್ನೂ ಹೆಚ್ಚು.

ಈಗ ಆ ಒಂದು ಗಂಟೆಯ ತಪ್ಪು ಎಲ್ಲೆಲ್ಲಿ ಸೋರಿದೆ ನೋಡಿ. 5:30ರೊಳಗೆ ಮುಗಿಸಬೇಕೆಂದು ಮೊದಲ ಏರನ್ನು 165 ಬಡಿತದಲ್ಲಿ ಹತ್ತಿದ್ದೀರಿ. ಅದು ಗರಿಷ್ಠದ ಶೇ. 88. ಆ ಮಟ್ಟದಲ್ಲಿ ಆರು ಗಂಟೆ ಯಾರೂ ಓಡಲಾರರು. ರಕ್ತವೆಲ್ಲ ಕಾಲಿಗೂ ಚರ್ಮಕ್ಕೂ ಹರಿದು ಜಠರ, ಕರುಳಿಗೆ ಕಡಿಮೆಯಾಗುತ್ತದೆ. ಉಸಿರು ಕಟ್ಟುವಾಗ ತಿನ್ನಲು ಮನಸ್ಸೂ ಬರುವುದಿಲ್ಲ, ಹಾಗಾಗಿ ಮೊದಲ ಜೆಲ್ ಒಂದೂವರೆ ಗಂಟೆಗೆ ಜಾರಿತು. ಆ ಕೊರತೆ ತುಂಬಲು 40 ನಿಮಿಷದಲ್ಲಿ 66 ಗ್ರಾಂ ಸಕ್ಕರೆ, ಅದೂ ಒಣಗಿದ ಹೊಟ್ಟೆಗೆ. ನೀರಿಲ್ಲದೆ ಇಳಿದ ಜೆಲ್ ತೀರಾ ಗಟ್ಟಿ ದ್ರಾವಣ. ಅದು ಜಠರದಿಂದ ಬೇಗ ಮುಂದೆ ಹೋಗುವುದಿಲ್ಲ, ಹೋದರೂ ಕರುಳು ಅದನ್ನು ತೆಳುವಾಗಿಸಲು ಮೈಯ ನೀರನ್ನೇ ಒಳಗೆ ಎಳೆದುಕೊಳ್ಳುತ್ತದೆ. ಹೊಟ್ಟೆ ತೊಳಸಿದ್ದಕ್ಕೆ ಜೆಲ್‌ನ ಬ್ರ್ಯಾಂಡ್ ಬದಲಿಸುವವರೇ ಹೆಚ್ಚು. ಇಲ್ಲಿ ಬ್ರ್ಯಾಂಡ್ ನಿರಪರಾಧಿ.

ಒಟ್ಟು ತಿಂದದ್ದು 6 × 22 = 132 ಗ್ರಾಂ, ಗಂಟೆಗೆ 18 ಗ್ರಾಂ. ಈ ಉದ್ದದ ಓಟಕ್ಕೆ ಗಂಟೆಗೆ 30ರಿಂದ 60 ಗ್ರಾಂ ಬೇಕು. 90ರವರೆಗೆ ಹೋಗುವವರೂ ಇದ್ದಾರೆ, ಆದರೆ ಅದಕ್ಕೆ ಗ್ಲೂಕೋಸ್-ಫ್ರಕ್ಟೋಸ್ ಮಿಶ್ರಣವೂ ವಾರಗಟ್ಟಲೆ ಪಳಗಿಸಿದ ಹೊಟ್ಟೆಯೂ ಬೇಕು. ನೀವು 40ರಿಂದ ಶುರು ಮಾಡಿ, ವಾರಕ್ಕೆ 5–10 ಗ್ರಾಂ ಏರಿಸುತ್ತ 60ರಲ್ಲಿ ನಿಲ್ಲಿ. ವಾಚ್‌ನಲ್ಲಿ 30 ನಿಮಿಷಕ್ಕೊಂದು ಅಲಾರ್ಮ್ ಇಡಿ. ಮೊದಲನೆಯದು 30ನೇ ನಿಮಿಷಕ್ಕೇ, ಹಸಿವಿರಲಿ ಬಿಡಲಿ. ಪ್ರತಿ ಜೆಲ್‌ಗೆ 150–200 ಮಿ.ಲೀ. ಬರಿ ನೀರು. ಸಿಹಿ ಸ್ಪೋರ್ಟ್ಸ್ ಡ್ರಿಂಕ್ ಜೊತೆ ಜೆಲ್ ನುಂಗಿದರೆ ಮತ್ತೆ ಅದೇ ಗಟ್ಟಿ ದ್ರಾವಣ. ಡ್ರಿಂಕ್ ಒಂದನ್ನೇ ನೆಚ್ಚುವುದಾದರೆ 500 ಮಿ.ಲೀ.ಗೆ 30–40 ಗ್ರಾಂ ಕಾರ್ಬ್, ಅಂದರೆ ಶೇ. 6–8, ಅಷ್ಟು ತೆಳು ಇರಲಿ.

ಹೊಟ್ಟೆ ಕೆಟ್ಟ ಮೇಲೆ ಮಾಡಬೇಕಾದದ್ದು ಒಂದೇ, ವೇಗ ಇಳಿಸುವುದು. 10–15 ನಿಮಿಷ ನಡಿಗೆ, ಕುತ್ತಿಗೆ-ತಲೆಗೆ ನೀರು, 5 ನಿಮಿಷಕ್ಕೆ ಎರಡು ಮೂರು ಗುಟುಕು ಬರಿ ನೀರು. ತೊಳಸು ನಿಂತ ಮೇಲೆ ಅರ್ಧ ಜೆಲ್. ಒಂದು ಗಂಟೆಯಾದರೂ ನೀರು ಕೂಡ ನಿಲ್ಲದಿದ್ದರೆ ಓಟ ಅಲ್ಲಿಗೆ ಮುಗಿಯಿತು, ಹತ್ತಿರದ ದಾರಿ ಹಿಡಿದು ಇಳಿಯಬೇಕು.

ನೀರುಗುಂಡಿ

ಮೇಲಿನದಕ್ಕೆ ನೀರಿನ ಭಾಗ ಸೇರಿಸುತ್ತೇನೆ.

ತೂಕ ಇಳಿದದ್ದು 2.1, ಕುಡಿದದ್ದು 3.0, ಜೆಲ್‌ಗಳ ತೂಕ ಸುಮಾರು 0.2, ಮೂತ್ರ 0.3 ಕಳೆದರೆ ಹೆಚ್ಚುಕಡಿಮೆ 5 ಲೀಟರ್. 7:20ಕ್ಕೆ ಭಾಗಿಸಿದರೆ ಗಂಟೆಗೆ 680 ಮಿ.ಲೀ. ಬೆವರು. ಇದನ್ನು ಸ್ವಲ್ಪ ಕಡಿಮೆಯಾಗಿಯೇ ಓದಿಕೊಳ್ಳಿ. ಏಳು ಗಂಟೆಯಲ್ಲಿ ಸುಟ್ಟ ಕೊಬ್ಬು, ಗ್ಲೈಕೊಜೆನ್ (ಮೈಯಲ್ಲಿ ಕೂಡಿಟ್ಟ ಸಕ್ಕರೆ) ಮತ್ತು ಅದರೊಂದಿಗೆ ಬಿಡುಗಡೆಯಾದ ನೀರೂ ಈ ತೂಕ ಇಳಿಕೆಯಲ್ಲಿ ಬೆರೆತಿವೆ. ಸರಿಯಾದ ಅಳತೆ ಬೇಕಾದರೆ ಒಂದೇ ಗಂಟೆ ಓಡಿ: ಮೊದಲು ಬಟ್ಟೆಯಿಲ್ಲದೆ ತೂಕ, ನಂತರ ಮೈ ಒರೆಸಿಕೊಂಡು ತೂಕ, ಕುಡಿದದ್ದನ್ನು ಕೂಡಿಸಿ, ಮೂತ್ರ ಕಳೆಯಿರಿ. ತಂಪಾದ ದಿನ ಒಮ್ಮೆ, ಬಿಸಿಲಲ್ಲಿ ಒಮ್ಮೆ ಮಾಡಿದರೆ ಎರಡು ಅಂಕಿ ಕೈಯಲ್ಲಿರುತ್ತವೆ.

ಬೆವರಿದಷ್ಟನ್ನೂ ಕುಡಿಯಬೇಕಾಗಿಲ್ಲ. ನಿಮಗೆ ಗಂಟೆಗೆ 500–550 ಮಿ.ಲೀ. ಸಾಕು. ಆರೂವರೆ ಗಂಟೆಗೆ ಮೂರೂವರೆ ಲೀಟರ್ ಹತ್ತಿರ ಬರುತ್ತದೆ. ಹೊತ್ತದ್ದು 2, ತೊರೆ ಇದ್ದದ್ದು ನಾಲ್ಕು ಗಂಟೆಯಾಚೆ. ಖಾಲಿಯಾದದ್ದರಲ್ಲಿ ಅಚ್ಚರಿಯೇ ಇಲ್ಲ. ಇಲ್ಲೂ ಬೇರು ಅದೇ 5:30.

ಬ್ಲ್ಯಾಡರ್‌ನ ದೊಡ್ಡ ದೋಷ ಅದು ಬೆನ್ನ ಮೇಲಿರುವುದು, ಎಷ್ಟು ಉಳಿದಿದೆ ಕಾಣುವುದಿಲ್ಲ. ಎದೆಯ ಜೇಬಿನಲ್ಲಿ ಎರಡು 500 ಮಿ.ಲೀ. ಸಾಫ್ಟ್ ಫ್ಲಾಸ್ಕ್ ಇಟ್ಟುಕೊಂಡು ಅದರಿಂದ ಮಾತ್ರ ಕುಡಿಯಿರಿ. ಬ್ಲ್ಯಾಡರ್ ಉಗ್ರಾಣ ಇದ್ದ ಹಾಗೆ, ಅದರಿಂದ ಫ್ಲಾಸ್ಕ್‌ಗೆ ತುಂಬಿಸಿಕೊಳ್ಳುವುದು. ಗಂಟೆಗೊಂದು ಫ್ಲಾಸ್ಕ್ ಎಂದರೆ ಲೆಕ್ಕ ತಲೆಯಲ್ಲೇ ನಿಲ್ಲುತ್ತದೆ. ಬ್ಲ್ಯಾಡರ್ ತುಂಬಿದ ಮೇಲೆ ತಲೆಕೆಳಗು ಮಾಡಿ ಕೊಳವೆಯಿಂದ ಗಾಳಿ ಹೀರಿ ತೆಗೆದರೆ ಕುಲುಕುವ ಸದ್ದು ಹೋಗುತ್ತದೆ. ಫ್ಲಾಸ್ಕ್‌ಗೆ ಪುಡಿ ಹಾಕುವಾಗ ಮೊದಲು ಅರ್ಧ ನೀರು, ಆಮೇಲೆ ಪುಡಿ, ಕುಲುಕಿ ಉಳಿದ ನೀರು. ಪುಡಿ ಮೊದಲು ಬಿದ್ದರೆ ಗಂಟು ಕಟ್ಟಿ ಬಾಯಿಯ ವಾಲ್ವ್‌ನಲ್ಲಿ ಸಿಕ್ಕಿಕೊಳ್ಳುತ್ತದೆ.

ತೊರೆ ನೀರಿಗೆ ಒಂದು ಮಾತು. 0.1 ಮೈಕ್ರಾನ್‌ನ ಟೊಳ್ಳು ನಾರಿನ ಫಿಲ್ಟರ್ ಬ್ಯಾಕ್ಟೀರಿಯಾ, ಪ್ರೊಟೊಜೋವಾ ತಡೆಯುತ್ತದೆ, ವೈರಸ್ ತಡೆಯುವುದಿಲ್ಲ. ಮೇಲ್ಭಾಗದಲ್ಲಿ ಮನೆ, ದನ-ಕರು ಇರುವ ಕಡೆ ಕ್ಲೋರಿನ್ ಮಾತ್ರೆಯನ್ನೂ ಹಾಕಿ ಕನಿಷ್ಠ 30 ನಿಮಿಷ ಬಿಡಬೇಕು. ನೀರು ತಣ್ಣಗಿದ್ದರೆ ಇನ್ನೂ ಹೆಚ್ಚು ಹೊತ್ತು. ಒಮ್ಮೆ ಒದ್ದೆಯಾದ ಫಿಲ್ಟರ್ ಹೆಪ್ಪುಗಟ್ಟಿದರೆ ನಾರುಗಳು ಒಳಗೇ ಸೀಳುತ್ತವೆ, ಹೊರಗೆ ಏನೂ ಕಾಣುವುದಿಲ್ಲ. ಅದನ್ನು ಎಸೆಯುವುದೇ ಸರಿ.

ಕಾಲುದಾರಿ

ಅಂದಾಜೇ ಬೇರು ಅನ್ನುವುದು ಹೊಳೆದಿರಲಿಲ್ಲ. ಆದರೆ ಸೆಳೆತ? ಅದಕ್ಕೆ ಉಪ್ಪಿನ ಕೊರತೆ ಅಂತಲೇ ಎಲ್ಲರೂ ಹೇಳುವುದು. ಮುಂದಿನ ಸಲ ಗಂಟೆಗೆ ಎರಡು ಕ್ಯಾಪ್ಸೂಲ್ ಶುರುವಿನಿಂದಲೇ ತೆಗೆದುಕೊಳ್ಳಲೇ? ಉಳುಕಿದ ಮೇಲೆ ನೋವಿಗೆ ಐಬುಪ್ರೊಫೆನ್ ತೆಗೆದುಕೊಂಡು ಓಡಬಹುದಿತ್ತೇ?

ನೀರುಗುಂಡಿ

ಎರಡನೆಯದಕ್ಕೆ ಮೊದಲು: ಬೇಡ. ನೀರು ಕಡಿಮೆಯಾದ ಮೈಯಲ್ಲಿ, ಗಂಟೆಗಟ್ಟಲೆ ಓಡುವಾಗ ಐಬುಪ್ರೊಫೆನ್ ಮತ್ತು ಅದರ ಜಾತಿಯ ಗುಳಿಗೆಗಳು ಮೂತ್ರಪಿಂಡಕ್ಕೆ ಹೋಗುವ ರಕ್ತವನ್ನು ಇನ್ನಷ್ಟು ತಗ್ಗಿಸುತ್ತವೆ, ಜಠರದ ಒಳಪದರವನ್ನೂ ಕೆಣಕುತ್ತವೆ. ಮೇಲಾಗಿ ನೋವು ಮುಚ್ಚಿಹೋದರೆ ಉಳುಕು ಎಷ್ಟರ ಮಟ್ಟಿನದು ಅಂತ ತಿಳಿಯುವ ದಾರಿಯೇ ಹೋಗುತ್ತದೆ. ಓಟದ ನಂತರ ಮೂತ್ರ ಕೋಲಾದ ಬಣ್ಣಕ್ಕೆ ತಿರುಗಿದರೆ ಸ್ನಾಯು ಒಡೆದು ಮೂತ್ರಪಿಂಡಕ್ಕೆ ಹೊರೆಯಾಗಿರಬಹುದು, ಕಾಯದೆ ಆಸ್ಪತ್ರೆಗೆ ಹೋಗಬೇಕು.

ಸೆಳೆತದ ವಿಷಯ. ಉಪ್ಪು ಮೈತುಂಬ ಕಡಿಮೆಯಾಗಿದ್ದರೆ ಸೆಳೆತ ಮೈತುಂಬ ಬರಬೇಕಿತ್ತು. ನಿಮಗೆ ಬಂದದ್ದು ಮೀನಖಂಡ, ತೊಡೆಗೆ, ಅಂದರೆ ಹೆಚ್ಚು ದುಡಿದ ಸ್ನಾಯುಗಳಿಗೆ ಮಾತ್ರ. ಇದಕ್ಕೆ ಈಗ ಹೆಚ್ಚು ಒಪ್ಪಿತವಾದ ವಿವರಣೆ ದಣಿವು: ದಣಿದ ಸ್ನಾಯುವಿನಲ್ಲಿ 'ಬಿಗಿ' ಎನ್ನುವ ನರಸಂಕೇತ ಹೆಚ್ಚಿ, 'ಸಡಿಲಿಸು' ಎನ್ನುವುದು ಸೋಲುತ್ತದೆ. ಅದಕ್ಕೇ ನಿಧಾನವಾಗಿ ಎಳೆದು ಹಿಡಿದರೆ ಅರ್ಧ ನಿಮಿಷದಲ್ಲಿ ಬಿಡುತ್ತದೆ. ನುಂಗಿದ ಉಪ್ಪಿಗೆ ಅಷ್ಟು ಬೇಗ ರಕ್ತ ಸೇರಲು ಆಗುವುದಿಲ್ಲ. ಸೆಳೆತ ಬಂದ ಮೇಲೆ ಕ್ಯಾಪ್ಸೂಲ್ ಅಂದರೆ ಬೆಂಕಿ ಬಿದ್ದಾಗ ಬಾವಿ ತೋಡಿದ ಹಾಗೆ, ಅದೂ ಬೇರೆಯವರ ಹೊಲದಲ್ಲಿ.

ಹಾಗಂತ ಸೋಡಿಯಂ ಬೇಡವೆಂದಲ್ಲ. ಕುಡಿದ ನೀರು ಮೈಯಲ್ಲಿ ನಿಲ್ಲಲು ಅದು ಬೇಕು. ಗಂಟೆಗೆ 300–600 ಮಿ.ಗ್ರಾಂ ಸಾಮಾನ್ಯ ಅಳತೆ. ನಿಮ್ಮ 6 ಜೆಲ್‌ನಿಂದ ಬಂದದ್ದು ಇಡೀ ಓಟಕ್ಕೆ 300. ಅಡುಗೆ ಉಪ್ಪು 1 ಗ್ರಾಂನಲ್ಲಿ ಸುಮಾರು 390 ಮಿ.ಗ್ರಾಂ ಸೋಡಿಯಂ ಇರುತ್ತದೆ. ಲೀಟರ್ ನೀರಿಗೆ ಸಪಾಟಾದ ಕಾಲು ಟೀ ಚಮಚ ಉಪ್ಪು, ಅಂದರೆ ಒಂದೂವರೆ ಗ್ರಾಂ, ಹಾಕಿದರೆ 580ರ ಆಸುಪಾಸು. ಬೆವರಿನ ಸೋಡಿಯಂ ಒಬ್ಬರಿಂದೊಬ್ಬರಿಗೆ ಬಹಳ ಬೇರೆ. ಟೋಪಿ, ಬನಿಯನ್ ಮೇಲೆ ಬಿಳಿ ಗೆರೆ ದಪ್ಪಗೆ ಕಟ್ಟುವವರು ಮೇಲಿನ ಅಂಚಿಗೆ ಹೋಗಲಿ. ಕ್ಯಾಪ್ಸೂಲ್‌ಗಳಲ್ಲಿ 100 ಇರುವುದೂ ಉಂಟು, 300 ಮೀರಿದ್ದೂ ಉಂಟು. 'ಗಂಟೆಗೆ ಎರಡು' ಎಂಬುದಕ್ಕೆ ಲೇಬಲ್ ನೋಡದೆ ಅರ್ಥವಿಲ್ಲ.

ಇನ್ನೊಂದು ತುದಿಯ ಅಪಾಯ ಇದಕ್ಕಿಂತ ದೊಡ್ಡದು: ಬಾಯಾರಿಕೆ ಇಲ್ಲದೆಯೂ ನೀರು ಸುರಿದುಕೊಳ್ಳುವುದು. ಓಡಿದ ಮೇಲೆ ತೂಕ ಏರಿದ್ದರೆ, ಬೆರಳು ಊದಿ ಉಂಗುರ ಬಿಗಿಯಾಗಿದ್ದರೆ, ಜೊತೆಗೆ ತಲೆನೋವು, ವಾಂತಿ, ಗೊಂದಲ ಇದ್ದರೆ ರಕ್ತದ ಸೋಡಿಯಂ ಇಳಿದಿರಬಹುದು. ಆಗ 'ನೀರು ಕುಡಿಸಿ' ಎನ್ನುವುದೇ ಮಾರಕ. ಉಪ್ಪಿನ ಕ್ಯಾಪ್ಸೂಲ್ ತೆಗೆದುಕೊಳ್ಳುತ್ತಿದ್ದೇನೆ ಎಂಬ ಧೈರ್ಯದಲ್ಲಿ ಅತಿಯಾಗಿ ಕುಡಿದರೆ ಕ್ಯಾಪ್ಸೂಲ್ ಕಾಪಾಡುವುದಿಲ್ಲ.

ಇಳಿಜಾರು_ಇಂಚಿಂಚು

ಕಾಲಿನ ಮೂರೂ ತೊಂದರೆ, ಅಂದರೆ ಉಗುರು, ಗುಳ್ಳೆ, ಉಳುಕು, ಇಳಿಜಾರಿಗೆ ಸೇರಿದವು.

ಉಗುರು ಕಪ್ಪಾಗುವುದು ಪಾದ ಶೂ ಒಳಗೆ ಮುಂದಕ್ಕೆ ಜಾರಿ ಬೆರಳು ತುದಿಗೆ ಬಡಿಯುವುದರಿಂದ. ಶೂ ಚಿಕ್ಕದಿರಬಹುದು, ಇಲ್ಲವೇ ಹಿಮ್ಮಡಿ ಸಡಿಲವಿರಬಹುದು. ಹಿಮ್ಮಡಿಯಲ್ಲಿ ಗುಳ್ಳೆಯೂ ಇರುವುದರಿಂದ ಎರಡನೆಯದರ ಮೇಲೇ ಅನುಮಾನ. ಸಂಜೆ, ಪಾದ ಊದಿರುವಾಗ, ಓಡುವ ಕಾಲುಚೀಲ ಹಾಕಿ ನಿಂತು ನೋಡಿ: ಉದ್ದದ ಬೆರಳಿನ ಮುಂದೆ ಒಂದು ಸೆಂ.ಮೀ. ಜಾಗ ಇರಬೇಕು. ಜಾಗ ಇದ್ದರೆ ಶೂ ಬದಲಿಸಬೇಡಿ, ಲೇಸ್ ಬದಲಿಸಿ. ಮೇಲ್ತುದಿಯಲ್ಲಿ ಸ್ವಲ್ಪ ಹಿಂದಕ್ಕೆ, ಯಾರೂ ಬಳಸದ ಒಂದು ತೂತು ಇರುತ್ತದಲ್ಲ, ಅದು ಇದಕ್ಕೇ. ಲೇಸನ್ನು ಅದೇ ಬದಿಯ ಕೊನೆಯ ತೂತಿನಿಂದ ಈ ತೂತಿಗೆ ತೂರಿಸಿ ಸಣ್ಣ ಕುಣಿಕೆ ಬಿಡಿ, ಎರಡೂ ಬದಿ ಹೀಗೆ. ಆಮೇಲೆ ಎಡ ತುದಿಯನ್ನು ಬಲ ಕುಣಿಕೆಯೊಳಗೆ, ಬಲ ತುದಿಯನ್ನು ಎಡ ಕುಣಿಕೆಯೊಳಗೆ ಹಾಯಿಸಿ, ಹಿಮ್ಮಡಿಯನ್ನು ಹಿಂದಕ್ಕೆ ಒತ್ತಿಕೊಂಡು ಕೆಳಮುಖವಾಗಿ ಎಳೆದು ಕಟ್ಟಿ. ಬೆರಳ ಕಡೆ ಸಡಿಲ, ಕಣಕಾಲ ಕಡೆ ಬಿಗಿ. ಉದ್ದನೆಯ ಇಳಿಜಾರು ಶುರುವಾಗುವ ಮುಂಚೆ 30 ಸೆಕೆಂಡ್ ನಿಂತು ಮತ್ತೆ ಬಿಗಿಸಿದರೆ ಎರಡು ಉಗುರು ಉಳಿಯುತ್ತವೆ. ಉಗುರನ್ನು ಎರಡು ದಿನ ಮೊದಲೇ ನೇರವಾಗಿ ಕತ್ತರಿಸಿ ಅಂಚು ಉಜ್ಜಿಡಿ. ಈಗ ಕಪ್ಪಾಗಿರುವುದನ್ನು ಕೆದಕಬೇಡಿ. ಒಳಗೆ ಒತ್ತಡ ತುಂಬಿ ಬಡಿದುಕೊಳ್ಳುವ ನೋವಿದ್ದರೆ ವೈದ್ಯರು ರಕ್ತ ಹೊರಬಿಡುತ್ತಾರೆ.

ಗುಳ್ಳೆ ಏಳುವ ಮೊದಲು 10–20 ನಿಮಿಷ ಆ ಜಾಗ ಬಿಸಿ ಬಿಸಿ ಅನ್ನಿಸುತ್ತದೆ. ನಿಲ್ಲಬೇಕಾದದ್ದು ಆಗ. ಒರೆಸಿ ಒಣಗಿಸಿ, ಮೂಲೆ ದುಂಡಗೆ ಕತ್ತರಿಸಿದ ಟೇಪ್ ಸುಕ್ಕಿಲ್ಲದಂತೆ ಅಂಟಿಸಿ. ಚೌಕ ಮೂಲೆ ಇದ್ದರೆ ಕಾಲುಚೀಲಕ್ಕೆ ಸಿಕ್ಕಿ ಎದ್ದುಬರುತ್ತದೆ. ಎದ್ದ ಗುಳ್ಳೆಯ ಮೇಲ್ಚರ್ಮ ಕೀಳಬಾರದು.

ಉಳುಕಿಗೆ ಬರೋಣ. 5:35 ಗಂಟೆ, ಐದು ನಿಮಿಷ ಹಿಂದಿನ ಒಂದು ಜೆಲ್ ಬಿಟ್ಟರೆ ಒಂದು ಗಂಟೆಗೂ ಹೆಚ್ಚು ಹೊತ್ತು ಏನೂ ತಿಂದಿಲ್ಲ, ಸಮಯ ಮೀರಿದೆ ಎಂಬ ಆತುರ, ತೊಡೆ ದಣಿದಿದೆ. ಆಗ ಕಾಲು ಎತ್ತುವ ಎತ್ತರ ಕಡಿಮೆಯಾಗುತ್ತದೆ, ಹೆಜ್ಜೆ ಉದ್ದವಾಗುತ್ತದೆ, ಕಣ್ಣು ಪಾದದ ಬುಡಕ್ಕೆ ಇಳಿಯುತ್ತದೆ. ಇಳಿಯುವಾಗ ನೋಟ 3–4 ಮೀಟರ್ ಮುಂದಿರಲಿ, ಹೆಜ್ಜೆ ಚಿಕ್ಕದು ಮತ್ತು ಚುರುಕು, ಮೈ ಹಿಂದಕ್ಕೆ ವಾಲದಿರಲಿ. ಹಿಂದೆ ವಾಲಿದರೆ ಹಿಮ್ಮಡಿ ಮೊದಲು ಬಿದ್ದು ಜಾರುತ್ತದೆ.

ಉಳುಕಿದ ಜಾಗದಲ್ಲೇ ಮಾಡುವ ಪರೀಕ್ಷೆ ಒಂದಿದೆ, ತುರ್ತು ಚಿಕಿತ್ಸೆಯಲ್ಲಿ ಬಳಸುವ ಒಟ್ಟಾವಾ ನಿಯಮ. ಆ ಕಾಲಿನ ಮೇಲೆ ಭಾರ ಹಾಕಿ ನಾಲ್ಕು ಹೆಜ್ಜೆ ಇಡಲಾಗದಿದ್ದರೆ ಎಕ್ಸ್-ರೇ ಬೇಕು. ಕಣಕಾಲಿನ ಒಳ-ಹೊರ ಗಂಟುಗಳ ಹಿಂಭಾಗದ ಅಂಚು ಅಥವಾ ತುದಿಯ ಮೂಳೆ ಒತ್ತಿದರೆ ನೋವಾದರೂ ಬೇಕು. ಕಿರುಬೆರಳಿನ ನೇರಕ್ಕೆ ಪಾದದ ಹೊರ ಅಂಚಿನ ನಡುವಿನ ಉಬ್ಬು, ಒಳಬದಿಯಲ್ಲಿ ಪಾದದ ಕಮಾನಿನ ಮೇಲಿನ ಮೂಳೆ, ಇವೂ ಅದೇ ಪಟ್ಟಿಯಲ್ಲಿವೆ. ಯಾವುದೂ ಇಲ್ಲದಿದ್ದರೆ ಶೂ ಬಿಚ್ಚದೆ, ಬೇಕಾದರೆ ಶೂ ಮೇಲೇ ಎಂಟರಾಕಾರದಲ್ಲಿ ಬ್ಯಾಂಡೇಜ್ ಸುತ್ತಿ ನಡೆದು ಇಳಿಯಿರಿ. ಬಿಚ್ಚಿದರೆ ಊತದಿಂದ ಮತ್ತೆ ಹಾಕಲಾಗುವುದಿಲ್ಲ. 28ರವರೆಗೆ, ಆಮೇಲೆ 34ರವರೆಗೂ ಹೋದದ್ದು ತಪ್ಪು ನಿರ್ಧಾರ, ತರಬೇತಿ ಓಟಕ್ಕೆ ಅಷ್ಟು ಬೆಲೆ ತೆರಬೇಕಿಲ್ಲ. ಬೇಗ ಇಳಿಯುವ ದಾರಿ ಬೇರೆ ಇರಲಿಲ್ಲವೆಂದರೆ ಮಾತು ಬೇರೆ.

ಮರಳಿ ಟ್ರೇಲ್‌ಗೆ ಇಳಿಯುವ ಮುಂಚೆ: ಉಳುಕಿದ ಕಾಲಲ್ಲಿ 30 ಸೆಕೆಂಡ್ ನಿಲ್ಲುವುದು, ಅದೇ ಕಣ್ಣು ಮುಚ್ಚಿ, ಒಂಟಿಕಾಲಿನ ಹಿಮ್ಮಡಿ ಎತ್ತುವಿಕೆ 15, ಒಂಟಿಕಾಲಲ್ಲಿ 10 ಕುಪ್ಪಳಿಕೆ. ನೋವಿಲ್ಲದೆ, ಇನ್ನೊಂದು ಕಾಲಿನಷ್ಟೇ ಆಗಬೇಕು. ಆಗದಿದ್ದರೆ ಸಮತಟ್ಟಿನಲ್ಲೇ ಓಡಿ.

ಕವಲು

14ನೇ ಕಿ.ಮೀ. ಬಗ್ಗೆ ಯಾರೂ ಹೇಳಲಿಲ್ಲ. ವಾಚ್‌ನಲ್ಲಿ ಜಿಪಿಎಕ್ಸ್ (ಜಿಪಿಎಸ್‌ನಲ್ಲಿ ದಾರಿ ತೋರಿಸುವ ಫೈಲ್) ಇದ್ದೂ ದಾರಿ ತಪ್ಪುವುದು ಮಾಮೂಲು. ದಟ್ಟ ಮರ, ಬಂಡೆಗೋಡೆಗಳ ನಡುವೆ ಬಿಂದು ಹತ್ತಾರು ಮೀಟರ್ ಅತ್ತಿತ್ತ ಸರಿಯುತ್ತದೆ, ಎರಡು ದಾರಿ ಹತ್ತಿರ ಹತ್ತಿರ ಕವಲೊಡೆದರೆ ಅಲಾರ್ಮ್ ಬಡಿಯುವಷ್ಟರಲ್ಲಿ 200 ಮೀಟರ್ ಹೋಗಿರುತ್ತೀರಿ. ಮನೆಯಲ್ಲೇ ನಕ್ಷೆ ನೋಡಿ ಕವಲುಗಳನ್ನು ಒಂದು ಚೀಟಿಯಲ್ಲಿ ಬರೆಯಿರಿ: '14.1 ಎಡ, ತೊರೆ ದಾಟಿ ಏರು' ಎಂಬಂತೆ. ಕವಲಿಗೆ 200 ಮೀಟರ್ ಮೊದಲೇ ನಡಿಗೆಗೆ ಇಳಿಯಿರಿ, ಜೆಲ್ ತಿನ್ನಲು ಅದೇ ಹೊತ್ತು. ಏರಬೇಕಾದ ಕಡೆ ದಾರಿ ಇಳಿಯುತ್ತಿದ್ದರೆ ಅಲ್ಲೇ ನಿಂತು ಬಂದ ದಾರಿಯಲ್ಲೇ ವಾಪಸ್. ಪೊದೆ ಸೀಳಿಕೊಂಡು ಅಡ್ಡ ಹಾಯುವುದು ಬೇಡ, 25 ನಿಮಿಷ 2 ಗಂಟೆಯಾಗುವುದು ಹಾಗೇ.

ಬೆಳಗ್ಗೆ ಹೊರಟರೂ ಹೆಡ್‌ಲ್ಯಾಂಪ್ ಇರಲಿ. ಫೋನ್ ಏರೋಪ್ಲೇನ್ ಮೋಡ್, ಆಫ್‌ಲೈನ್ ನಕ್ಷೆ. ಮನೆಯಲ್ಲಿ ಒಬ್ಬರ ಬಳಿ ದಾರಿ ಮತ್ತು 'ಇಷ್ಟು ಗಂಟೆಯೊಳಗೆ ಕರೆ ಬರದಿದ್ದರೆ ಹುಡುಕಿಸಿ' ಎಂಬ ಸಮಯ. ಆ ಸಮಯವೂ 5:30ರ ಮೇಲೆ ನಿಂತಿದ್ದರೆ ಸುಮ್ಮನೆ ಗಾಬರಿ ಹುಟ್ಟಿಸುತ್ತಿತ್ತು. ಸೀಟಿಯಲ್ಲಿ ನಿಮಿಷಕ್ಕೆ 6 ಸಲ ಊದಿ, ಒಂದು ನಿಮಿಷ ಬಿಟ್ಟು, ಮತ್ತೆ 6 ಎಂದರೆ ಸಹಾಯದ ಕರೆ. ಉತ್ತರ ನಿಮಿಷಕ್ಕೆ 3.

ಕಾಲುದಾರಿ

ಒಟ್ಟಾವಾ ಪರೀಕ್ಷೆಯಲ್ಲಿ ಮೂಳೆ ನೋವಿಲ್ಲ, ನಾಲ್ಕು ಹೆಜ್ಜೆ ಆಗುತ್ತದೆ. ಕಣ್ಣು ಮುಚ್ಚಿ ನಿಂತರೆ 9 ಸೆಕೆಂಡ್. ಇನ್ನುಳಿದ ವಾರಗಳಲ್ಲಿ ಇದೇ ದಾರಿಯನ್ನು ಯಾವಾಗ ಮತ್ತೆ ಓಡಲಿ?

ಬೆವರಿನ_ಲೆಕ್ಕ

ಮೊದಲ ವಾರ ಟ್ರೇಲ್ ಇಲ್ಲ. ಎರಡನೇ ವಾರ ಸಮತಟ್ಟಿನಲ್ಲಿ 90 ನಿಮಿಷ, ಅಲ್ಲಿ ಪರೀಕ್ಷಿಸುವುದು ಅಲಾರ್ಮ್ ಮತ್ತು ಗಂಟೆಗೆ 40 ಗ್ರಾಂ ಮಾತ್ರ. ಕುಪ್ಪಳಿಕೆ ನೋವಿಲ್ಲದೆ ಆದರೆ ಮೂರನೇ ವಾರ 18–20 ಕಿ.ಮೀ. ಟ್ರೇಲ್, ಏರು 800 ಮೀಟರ್ ಒಳಗೆ. ಮೊದಲ ಗಂಟೆ ಬಡಿತ 140 ದಾಟಬಾರದು, ಕಡಿದಾದ ಏರು ಬಂದರೆ ನಡೆಯಿರಿ, ಎಷ್ಟೇ ಜನ ದಾಟಿ ಹೋದರೂ. ಈ 34 ಕಿ.ಮೀ. ದಾರಿಯನ್ನು ಐದನೇ ವಾರಕ್ಕೆ ಇಡಿ, ಕಾಗದದಲ್ಲಿ 6:30 ಎಂದು ಬರೆದು. ಆರನೇ ವಾರ ಹಗುರ. ಒಂದು ಉದ್ದನೆಯ ಇಳಿಜಾರಿನ ಓಟ ಏಳನೇ ವಾರದ ಮೊದಲಲ್ಲೇ ಮುಗಿಯಲಿ. ಇಳಿದು ನೊಂದ ತೊಡೆ ಮುಂದಿನ ಕೆಲವು ವಾರ ಅದೇ ಹೊಡೆತಕ್ಕೆ ಕಡಿಮೆ ನೋಯುತ್ತದೆ, ಆದರೆ ರೇಸ್‌ನ ವಾರದಲ್ಲಿ ಮಾಡಿದರೆ ನೋವಷ್ಟೇ ಉಳಿಯುತ್ತದೆ.

ರೇಸ್ ದಾರಿಯ ಒಟ್ಟು ಏರು ಎಷ್ಟು? ಅದನ್ನು ಹಾಕಿದರೆ ಸಮಯ, ನೀರು, ಜೆಲ್ ಮೂರರ ಲೆಕ್ಕವನ್ನೂ ಇಲ್ಲೇ ಮಾಡಬಹುದು.